ರಟ್ಟಿನ ಸ್ಟೇಷನ್ನು: ಕಟ್ಟುವುದೂ ಹಳತು ಮಾಡುವುದೂ

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ, ಶಾಸನಗಳ ಪಡಿಯಚ್ಚುಗಳಿಗೂ ಹಳೆಯ ನಾಣ್ಯಗಳಿಗೂ ನಡುವೆ, ನಾನು ರಟ್ಟಿನಿಂದ ಕಟ್ಟಿದ ಒಂದು ಪುಟ್ಟ ರೈಲ್ವೆ ಸ್ಟೇಷನ್ನನ್ನು ಇಟ್ಟಿದ್ದೆ. ನೋಡಲು ಬಂದ ಸಹಪಾಠಿಗಳಲ್ಲಿ ಹಲವರು "ರೈಲೆಲ್ಲಪ್ಪಾ?" ಎಂದು ಕೇಳಿ ನಕ್ಕು ಮುಂದೆ ಹೋದರು. ಅಧ್ಯಾಪಕರೊಬ್ಬರು ಮಾತ್ರ ಬಹಳ ಹೊತ್ತು ಬಗ್ಗಿ ನೋಡಿ, "ಕಟ್ಟಿರುವುದೇನೋ ಚೆನ್ನಾಗಿದೆ. ಇಷ್ಟು ಶ್ರಮಪಟ್ಟು ಕಟ್ಟಿ, ಆಮೇಲೆ ಅದನ್ನು ಕೊಳಕು ಏಕೆ ಮಾಡಿದೆ?" ಎಂದು ಕೇಳಿದರು. ಆ ಹೊತ್ತಿಗೆ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ತಲೆ ಕೆರೆದುಕೊಂಡು ಸುಮ್ಮನಿದ್ದೆ. ಈ ಲೇಖನವನ್ನು ಅವರಿಗೆ ನಾನು ತಡವಾಗಿ ಒಪ್ಪಿಸುತ್ತಿರುವ ಉತ್ತರವೆಂದು ವಾಚಕರು ಭಾವಿಸಬೇಕು. ಜೊತೆಗೆ, ಇಂತಹುದನ್ನು ಕಟ್ಟಬೇಕೆಂಬ ಆಸೆಯುಳ್ಳ ಮಿತ್ರರಿಗೆ ಇದು ಒಂದು ಪಾಠವೂ ಆದೀತು.

ಈ ವಿದ್ಯೆಯ ಪೂರ್ವೋತ್ತರ

ಮಾದರಿ ರೈಲುಮಾರ್ಗಗಳನ್ನು ಕಟ್ಟುವ ಹವ್ಯಾಸ ಯೂರೋಪು ಅಮೆರಿಕಗಳಲ್ಲಿ ಬಹಳ ಕಾಲದಿಂದ ಬೆಳೆದುಬಂದಿದೆ. ಅಲ್ಲಿ ಎಂಜಿನ್ನು, ಹಳಿ, ಕಟ್ಟಡ ಎಲ್ಲವೂ ಪೆಟ್ಟಿಗೆಯಲ್ಲಿ ಸಿದ್ಧವಾಗಿ ದೊರೆಯುತ್ತವೆ. ಅಂಟಿಸಿ ನಿಲ್ಲಿಸಿದರೆ ಕೆಲಸ ಮುಗಿಯಿತು. ಹಾಗೆ ಮಾಡದೆ, ಬರಿಯ ರಟ್ಟು, ಮರದ ಕಡ್ಡಿ, ಕಾಗದಗಳಿಂದ ಕಟ್ಟಡವನ್ನು ಮೊದಲಿನಿಂದ ಕೈಯಾರೆ ಕಟ್ಟುವುದು ಒಂದು ಬೇರೆಯೇ ವಿದ್ಯೆ. ಕಟ್ಟಿದ ಮೇಲೆ ಅದು ಮಳೆ, ಬಿಸಿಲು, ಹೊಗೆಗಳನ್ನು ಕಂಡ ಕಟ್ಟಡದಂತೆ ತೋರುವ ಹಾಗೆ ಬಣ್ಣ ಕೊಡುವುದು ಅದರ ಎರಡನೆಯ ಭಾಗ. ಇದಕ್ಕೆ ಕನ್ನಡದಲ್ಲಿ ನಾನು "ಹಳತು ಮಾಡುವುದು" ಎಂದು ಹೇಳುತ್ತೇನೆ.

ಈ ಎರಡನೆಯ ಭಾಗಕ್ಕೆ ಕೀರ್ತಿ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯದ ಮಾಂಟೆರೆ ಎಂಬ ಊರಿನ ಜಾನ್ ಅಲೆನ್. ಆತ ವೃತ್ತಿಯಿಂದ ಛಾಯಾಚಿತ್ರಗಾರ. ತಾನು ಕಟ್ಟಿದ ರೈಲುಮಾರ್ಗಕ್ಕೆ "ಗೋರಿ ಅಂಡ್ ಡಿಫೀಟೆಡ್" ಎಂದು ಕಿವಿಗೆ ಕೇಳುವಂತಹ ತಮಾಷೆಯ ಹೆಸರಿಟ್ಟಿದ್ದ. ರಕ್ತಮಯ ಮತ್ತು ಪರಾಜಿತ ಎಂದು ಅದರ ಅರ್ಥ. ಹೊಸ ಆಟಿಕೆಯಂತೆ ಮಿನುಗುವ ಎಂಜಿನ್ನು ಕಟ್ಟಡಗಳು ಸಾಮಾನ್ಯವಾಗಿದ್ದ ಕಾಲದಲ್ಲಿ, ಆತ ತನ್ನ ಎಂಜಿನ್ ಮನೆಯ ಮಾಡಿಗೆ ಮಸಿ ಹತ್ತಿಸಿದ, ಹಲಗೆಗಳ ಬಣ್ಣ ಹಾರಿಸಿದ, ಕಬ್ಬಿಣಕ್ಕೆ ತುಕ್ಕು ಬರಿಸಿದ. ಛಾಯಾಚಿತ್ರಗಾರನಾದುದರಿಂದ ಬೆಳಕು ಹಳೆಯ ಗೋಡೆಯ ಮೇಲೆ ಹೇಗೆ ಬೀಳುವುದೆಂಬುದು ಅವನಿಗೆ ತಿಳಿದಿತ್ತು. 1973ರ ಜನವರಿ 6ರಂದು ಆತ ತೀರಿಕೊಂಡ. ಕೆಲವೇ ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು, ಅವನ ಕೃತಿಯ ಬಹುಭಾಗ ಸುಟ್ಟುಹೋಯಿತು. ಈಗ ಲೋಕಕ್ಕೆ ಉಳಿದಿರುವುದು ಹೆಚ್ಚಾಗಿ ಅವನ ಛಾಯಾಚಿತ್ರಗಳೇ.

ಇಂಗ್ಲೆಂಡಿನ ಕಥೆ ಬೇರೆ. ರಾಯ್ ಇಂಗ್ಲೆಂಡ್ ಎಂಬ ಆಸ್ಟ್ರೇಲಿಯದ ತರುಣ 1925ರಲ್ಲಿ ಅಲ್ಲಿಗೆ ಬಂದ. "ಬಿಳಿಯ ಕುದುರೆಯ ಕಣಿವೆ" ಎಂದು ಕರೆಯುವ ಸೀಮೆಯ ಹುಲ್ಲುಮಾಡಿನ ಹಳ್ಳಿಮನೆಗಳು ಒಂದೊಂದಾಗಿ ಮಾಯವಾಗುತ್ತಿರುವುದನ್ನು ಕಂಡು, ಅವುಗಳನ್ನು ಅಡಿಗೆ 4 ಮಿ.ಮೀ. ಪ್ರಮಾಣದಲ್ಲಿ ರಟ್ಟಿನಲ್ಲಿ ಕಟ್ಟಿ ಉಳಿಸಬೇಕೆಂದು ಸಂಕಲ್ಪಿಸಿದ. ಅದರಿಂದಲೇ ಲಾಂಗ್ ವಿಟ್ಟೆನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ 1954ರಲ್ಲಿ ಪೆಂಡನ್ ವಸ್ತುಸಂಗ್ರಹಾಲಯ ಹುಟ್ಟಿತು. ಆ ಮಾದರಿಗಳ ಗೋಡೆ ರಟ್ಟಿನದು, ಬಣ್ಣ ಮಕ್ಕಳು ಬಳಸುವಂತಹ ಜಲವರ್ಣ. ಸಾಮಗ್ರಿ ಇಷ್ಟು ಸುಲಭವಾದುದೆಂದು ಓದಿದ ದಿನವೇ ನನಗೆ ಧೈರ್ಯ ಬಂದುದು.

ನನ್ನ ಸ್ಟೇಷನ್ನು

ನಾನು ಕಟ್ಟಲು ಆರಿಸಿಕೊಂಡುದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಒಂದು ಸಣ್ಣ ಸ್ಟೇಷನ್ನನ್ನು. ಆ ಮಾರ್ಗ ಮೊದಲು ಮೀಟರ್‌ಗೇಜ್ ಆಗಿತ್ತು. 2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಆಯಿತು. ನಮ್ಮೂರಿನ ಹಳೆಯ ಹೆಂಚಿನ ಕಟ್ಟಡ ಆ ಕೆಲಸದ ಕಾಲದಲ್ಲಿಯೇ ಹೋಯಿತು. ನನ್ನ ತಾಯಿಯ ತಂದೆ ಅಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಹಳಿ ತಿರುಗಿಸುವುದು, ಗಂಟೆ ಹೊಡೆಯುವುದು, ಸಂಜೆಯಾದರೆ ಸಿಗ್ನಲ್ ಕಂಬ ಹತ್ತಿ ಸೀಮೆಎಣ್ಣೆಯ ದೀಪ ಇಟ್ಟುಬರುವುದು ಅವರ ಕೆಲಸ. ಈಗ ಅಜ್ಜನಿಗೆ ಎಂಬತ್ತು ದಾಟಿದೆ. ಒಂದು ಕಣ್ಣು ಪೂರ್ತಿ ಮಂಜಾಗಿದೆ, ಇನ್ನೊಂದೂ ಅದೇ ದಾರಿ ಹಿಡಿದಿದೆ. ಅವರಿಗೆ ಕಾಣುವಷ್ಟರೊಳಗೆ ಕಟ್ಟಿ ತೋರಿಸಬೇಕೆಂಬ ಅವಸರ ನನಗಿತ್ತು.

ಮೊದಲ ತೊಡಕು ಅಳತೆಯದು. ಕಟ್ಟಡವಿಲ್ಲ, ನಕ್ಷೆಯಿಲ್ಲ, ಇದ್ದುದು ಅಜ್ಜ ಬಾಗಿಲ ಬಳಿ ನಿಂತು ತೆಗೆಸಿಕೊಂಡ ಒಂದು ಛಾಯಾಚಿತ್ರ ಮಾತ್ರ. ಇಂತಹ ಕಡೆ ಒಂದು ಉಪಾಯವಿದೆ. ಚಿತ್ರದಲ್ಲಿ ಅಳತೆ ಗೊತ್ತಿರುವ ಒಂದು ವಸ್ತುವನ್ನು ಹಿಡಿದು, ಅದರಿಂದ ಉಳಿದುದನ್ನು ಲೆಕ್ಕ ಹಾಕುವುದು. ಅಜ್ಜನ ಎತ್ತರ 5 ಅಡಿ 5 ಅಂಗುಲ. ಚಿತ್ರದಲ್ಲಿ ಅವರು 26 ಮಿ.ಮೀ., ಬಾಗಿಲು 33 ಮಿ.ಮೀ. ಇದ್ದವು. ತ್ರೈರಾಶಿ ಮಾಡಿದರೆ ಬಾಗಿಲಿನ ಎತ್ತರ ಸುಮಾರು 6 ಅಡಿ 10 ಅಂಗುಲ. ವ್ಯಕ್ತಿಯು ಗೋಡೆಯಿಂದ ಮುಂದೆ ನಿಂತಿದ್ದರೆ ಕ್ಯಾಮೆರಾಕ್ಕೆ ಹತ್ತಿರವಾಗಿ ದೊಡ್ಡದಾಗಿ ಕಾಣುವುದರಿಂದ ಈ ಲೆಕ್ಕ ತಪ್ಪುತ್ತದೆ. ಅಜ್ಜ ಹೊಸ್ತಿಲಿಗೇ ಹತ್ತಿ ನಿಂತಿದ್ದುದು ನನ್ನ ಪುಣ್ಯ. ಕಟ್ಟಡದ ಉದ್ದವನ್ನು ಅವರು ನಮ್ಮ ಅಂಗಳದಲ್ಲಿ ನಡೆದು ತೋರಿಸಿದರು. ಹದಿನಾರು ಹೆಜ್ಜೆ, ಹೆಜ್ಜೆಗೆ ಎರಡೂವರೆ ಅಡಿಯಂತೆ 40 ಅಡಿ. ಅಗಲ 16 ಅಡಿ, ಗೋಡೆಯ ಎತ್ತರ 12 ಅಡಿ ಎಂದು ತೀರ್ಮಾನವಾಯಿತು.

ಇನ್ನು ಪ್ರಮಾಣ. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್.ಓ. ಎಂಬ ಪ್ರಮಾಣ, ನಿಜವಾದ ಒಂದು ಅಡಿಗೆ ಮೂರೂವರೆ ಮಿ.ಮೀ., ಅಂದರೆ ಸುಮಾರು 87ರಲ್ಲಿ ಒಂದು ಪಾಲು. ಗುಣಾಕಾರ ಬಲ್ಲವನಿಗೆ ಇದಕ್ಕಿಂತ ಸುಲಭವಾದುದಿಲ್ಲ. 40 ಅಡಿಯ ಕಟ್ಟಡ 140 ಮಿ.ಮೀ., 16 ಅಡಿ 56 ಮಿ.ಮೀ., 12 ಅಡಿ 42 ಮಿ.ಮೀ., ಬಾಗಿಲು ಸುಮಾರು 24 ಮಿ.ಮೀ. ಮೀಟರ್‌ಗೇಜಿನ ಹಳಿಗಳ ಅಂತರ ಈ ಲೆಕ್ಕದಲ್ಲಿ ಹನ್ನೊಂದೂವರೆ ಮಿ.ಮೀ. ಬರುತ್ತದೆ; ಮಾದರಿಕಾರರು ಅದನ್ನು 12 ಎಂದು ಹಿಡಿಯುತ್ತಾರೆ. ಹೀಗೆ ನಮ್ಮೂರಿನ ಸ್ಟೇಷನ್ನು ನನ್ನ ಅಂಗೈ ಮೇಲೆ ಕೂರುವಷ್ಟಾಯಿತು.

ಗೋಡೆ ಮತ್ತು ಹೆಂಚು

ಗೋಡೆಗೆ ನಾನು ಬಳಸಿದ್ದು ಪುಸ್ತಕದ ಹೊದಿಕೆಗೆ ಹಾಕುವ ರಟ್ಟು. ಬಾಗಿಲು ಕಿಟಕಿಗಳನ್ನು ಗೋಡೆ ನಿಲ್ಲಿಸುವ ಮುನ್ನವೇ ಕತ್ತರಿಸಿಕೊಳ್ಳಬೇಕು. ಬ್ಲೇಡನ್ನು ಒಮ್ಮೆಗೇ ಒತ್ತದೆ, ಉಕ್ಕಿನ ಅಳತೆಪಟ್ಟಿಯ ಅಂಚಿನಲ್ಲಿ ನಾಲ್ಕೈದು ಸಲ ಹಗುರವಾಗಿ ಎಳೆದರೆ ಅಂಚು ನೇರವಾಗಿ ಬರುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಗೋಡೆಗೆ ದಪ್ಪವಿದೆಯೆಂಬುದನ್ನು ಮರೆಯುವುದು. ಹಳೆಯ ಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪವಿದ್ದರೆ ಮಾದರಿಯಲ್ಲಿ ಅದು 5 ಮಿ.ಮೀ.ಗಿಂತ ತುಸು ಹೆಚ್ಚು ಆಗಬೇಕು. ಆದುದರಿಂದ ಒಳಗೊಂದು ಹೊರಗೊಂದು ರಟ್ಟು ಇಟ್ಟು, ನಡುವೆ ಮರದ ಕಡ್ಡಿಗಳನ್ನು ಅಂಟಿಸಿ, ಕಿಟಕಿಯ ಸಂದಿನಲ್ಲಿ ಆ ದಪ್ಪ ಕಾಣುವಂತೆ ಮುಚ್ಚಬೇಕು. ಇದೊಂದನ್ನು ಮಾಡಿದರೆ ಕಟ್ಟಡಕ್ಕೆ ತಾನಾಗಿಯೇ ತೂಕ ಬರುತ್ತದೆ.

ರಟ್ಟಿನ ಶತ್ರು ನೀರು. ಒಂದು ಮಗ್ಗುಲಿಗೆ ಮಾತ್ರ ಬಣ್ಣ ಬಳಿದರೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಳಮೈಗೆ ಬಡಗಿಗಳು ಬಳಸುವ ಅರಗಿನ ಪಾಲಿಷನ್ನು ಕೊಟ್ಟು, ಮೂಲೆಗಳಲ್ಲಿ ಕಡ್ಡಿ ಕೊಟ್ಟು ಬಿಗಿದ ಮೇಲೆಯೇ ಹೊರಮೈಯ ಬಣ್ಣಕ್ಕೆ ಕೈಹಾಕುವುದು ಕ್ಷೇಮ.

ಹೆಂಚಿನ ಮಾತು ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ನಮ್ಮ ಕಡೆಯ ಮಾಡುಗಳಿಗೆ ಮುಖ ಕೊಟ್ಟದ್ದೇ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನ ಗಿಯೋರ್ಗ್ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಅದರ ಕಾರ್ಖಾನೆಯನ್ನು ಆರಂಭಿಸಿದ. ಹೆಂಚಿನ ಉದ್ದ ಸುಮಾರು 16 ಅಂಗುಲವಾದರೂ ಒಂದರ ಮೇಲೊಂದು ಕೂರುವುದರಿಂದ ಹೊರಗೆ ಕಾಣುವುದು ಹೆಚ್ಚುಕಡಮೆ ಒಂದು ಅಡಿ, ಅಂದರೆ ನಮ್ಮ ಲೆಕ್ಕಕ್ಕೆ ಮೂರೂವರೆ ಮಿ.ಮೀ. ಡ್ರಾಯಿಂಗ್ ಷೀಟನ್ನು 5 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಮೊಂಡು ಸೂಜಿಯಿಂದ ಎರಡೂವರೆ ಮಿ.ಮೀ.ಗೊಂದರಂತೆ ಅಡ್ಡಗೀರು ಒತ್ತಿ, ಸೂರಿನ ಕಡೆಯಿಂದ ಆರಂಭಿಸಿ ಮೇಲಕ್ಕೆ ಸಾಲಾಗಿ ಅಂಟಿಸುತ್ತ ಹೋಗಬೇಕು. ನಿಜವಾದ ಹೆಂಚು ಹೊದಿಸುವವನೂ ಕೆಳಗಿನಿಂದಲೇ ಹೊದಿಸುತ್ತಾನೆ. ಮಳೆಯ ನೀರು ಮೇಲಿನ ಹೆಂಚಿನಿಂದ ಕೆಳಗಿನದರ ಬೆನ್ನ ಮೇಲೆ ಇಳಿಯಬೇಕಷ್ಟೆ. ಸೂರಿನ ಚಾಚು ಸೇರಿ ಒಂದೊಂದು ಇಳಿಜಾರಿಗೆ ಹನ್ನೆರಡು ಪಟ್ಟಿ ಬೇಕಾಯಿತು. ಐದು ರಾತ್ರಿಗಳು ಇದಕ್ಕೇ ಹೋದವು. ಸೆಮಿಸ್ಟರ್ ಪರೀಕ್ಷೆ ಹತ್ತಿರವಿತ್ತೆಂಬುದನ್ನು ಇಲ್ಲಿ ಬರೆಯದಿರುವುದೇ ಲೇಸು.

ಮೊದಲನೆಯ ಸೋಲು

ಕಟ್ಟಿ ಮುಗಿದ ಕಟ್ಟಡಕ್ಕೆ ಸುಣ್ಣದ ಬಿಳುಪು, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ, ಬಾಗಿಲಿಗೆ ಹಸುರು ಕೊಟ್ಟೆ. ನೋಡಿದರೆ ಮಿಠಾಯಿ ಪೆಟ್ಟಿಗೆಯಂತಿತ್ತು. ಆಗ ಜಾನ್ ಅಲೆನ್ನನ ಎಂಜಿನ್ ಮನೆಯ ಚಿತ್ರವನ್ನು ಮುಂದಿಟ್ಟುಕೊಂಡು, ಇದ್ದಿಲ ಪುಡಿ ಅರೆದು, ಮಾಡಿಗೂ ಗೋಡೆಗಳಿಗೂ ಸಮನಾಗಿ ಮಸಿ ಹಚ್ಚಿದೆ. ಕಿಟಕಿಗಳ ಕೆಳಗೆಲ್ಲ ತುಕ್ಕಿನ ಗೆರೆ ಎಳೆದೆ. ಮಾಡಿನ ಎರಡು ಮಗ್ಗುಲಿಗೂ ಪಾಚಿಯ ಹಸುರು ಚಿಮುಕಿಸಿದೆ. ನನ್ನ ಕಣ್ಣಿಗೆ ಅದು ಅದ್ಭುತವಾಗಿ ಕಂಡಿತು. ಹೆಮ್ಮೆಯಿಂದ ಒಯ್ದು ಅಜ್ಜನ ಮುಂದೆ ಇಟ್ಟೆ.

ಅಜ್ಜ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳ್ಳೆಯ ಕಣ್ಣಿನ ಹತ್ತಿರ ತಂದು, ನಿಧಾನವಾಗಿ ಸುತ್ತ ತಿರುಗಿಸಿದರು. "ಇದಕ್ಕೆ ಬೆಂಕಿ ಬಿದ್ದಿತ್ತಾ ಮಗಾ?" ಎಂದರು.

ಎಂಜಿನ್ನಿನ ಹೊಗೆಯೆಂದು ನಾನು ವಿವರಿಸಿದೆ.

"ಎಂಜಿನ್ನು ಸ್ಟೇಷನ್ನಿನ ಎದುರಿಗೆ ಎಲ್ಲಿ ನಿಲ್ತಿತ್ತೋ? ಎದುರಿಗೆ ನಿಲ್ತಿದ್ದದ್ದು ಡಬ್ಬಿಗಳು. ಎಂಜಿನ್ನು ಆಚೆ ತುದಿಗೆ, ನೀರಿನ ಕಂಬದ ಹತ್ರ. ಮಸಿ ಹಿಡಿದಿದ್ದದ್ದು ಅಲ್ಲಿದ್ದ ಮಾವಿನ ಮರಕ್ಕೆ. ಅದರ ಕಾಯಿ ತೊಳೀದೆ ಯಾರೂ ತಿಂತಿರಲಿಲ್ಲ."

ನನ್ನ ತಪ್ಪು ಆಗ ನನಗೆ ತಿಳಿಯಿತು. ಎಂಜಿನ್ ಮನೆಯೊಳಗೆ ಎಂಜಿನ್ನು ನಿಂತು ಹೊಗೆಯುಗುಳುತ್ತದೆ. ಆದುದರಿಂದ ಅಲೆನ್ನನ ಕಟ್ಟಡಕ್ಕೆ ಮಸಿ ನ್ಯಾಯವಾಗಿಯೇ ಬಂದುದು. ಕ್ಯಾಲಿಫೋರ್ನಿಯಾದ ಮಸಿಯನ್ನು ತಂದು ಮಲೆನಾಡಿನ ಸ್ಟೇಷನ್ನಿಗೆ ಬಳಿದವನು ನಾನು. ಕಲೆ ನಿಜವಾಗಿತ್ತು, ಅದರ ಕಾರಣ ಸುಳ್ಳಾಗಿತ್ತು. ಮೂರು ತಿಂಗಳ ಕೆಲಸವನ್ನು ಬದಿಗಿಟ್ಟು, ನೋಟ್ ಪುಸ್ತಕ ತೆಗೆದುಕೊಂಡು ಅಜ್ಜನ ಮುಂದೆ ಕುಳಿತೆ.

ಕಲೆಗಳ ಕಾರಣಗಳು

ಅಂದಿನಿಂದ ಎಂಟು ದಿನ ಅವರು ಹೇಳಿದ್ದನ್ನೂ, ಊರಿನ ಹಳೆಯ ಹೆಂಚಿನ ಮನೆಗಳನ್ನು ಸುತ್ತಿ ನಾನೇ ನೋಡಿದ್ದನ್ನೂ ಸೇರಿಸಿ, ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದು ಮಳೆ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಕೆಮ್ಮಣ್ಣನ್ನು ಗೋಡೆಗೆ ಎರಚುತ್ತದೆ. ಈ ಕೆಂಪು ಕೆಳಗೆ ದಟ್ಟವಾಗಿ, ಮೇಲಕ್ಕೆ ಹೋದಂತೆ ತೆಳುವಾಗಿ, ಸುಮಾರು ಎರಡು ಅಡಿಗೆ ನಿಂತುಬಿಡುತ್ತದೆ. ಮಾದರಿಯಲ್ಲಿ 7 ಮಿ.ಮೀ. ಪ್ಲಾಟ್‌ಫಾರಂ ಕಡೆ ಜಗುಲಿಯ ಮಾಡು ಮುಂದಕ್ಕೆ ಚಾಚಿಕೊಂಡಿದ್ದರಿಂದ ಅಲ್ಲಿನ ಗೋಡೆಗೆ ಈ ಕಲೆಯಿರಲಿಲ್ಲ. ಇದಕ್ಕೆ ನಾನು ಬಳಸಿದ್ದು ನಮ್ಮ ಹಿತ್ತಿಲ ಮಣ್ಣನ್ನೇ. ಅದನ್ನು ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿ, ಒಣ ಕುಂಚದಿಂದ ಕೆಳಗಿನಿಂದ ಮೇಲಕ್ಕೆ ತಟ್ಟಿದೆ.

ಎರಡನೆಯದು ತೇವ. ನಮ್ಮಲ್ಲಿ ಮುಂಗಾರು ನೈಋತ್ಯದಿಂದ ಹೊಡೆಯುತ್ತದೆ. ಆದರೆ ಪಾಚಿ ಉಳಿಯುವುದು ಬಿಸಿಲು ಕಡಮೆ ಬೀಳುವ ಉತ್ತರದ ಇಳಿಜಾರಿನಲ್ಲಿ, ಅದರಲ್ಲಿಯೂ ಹೆಂಚಿನ ಮೇಲೆ ಹೆಂಚು ಕೂರುವ ಸಂದಿನಲ್ಲಿ. ದಕ್ಷಿಣದ ಹೆಂಚು ಬಿಸಿಲಿಗೆ ಬಣ್ಣ ಕಳೆದುಕೊಂಡಿರುತ್ತದೆ. ಒಡೆದ ಹೆಂಚಿನ ಬದಲಿಗೆ ಹಾಕಿದ ಹೊಸ ಹೆಂಚು ಎಲ್ಲಕ್ಕಿಂತ ಕೆಂಪಗೆ ಎದ್ದು ಕಾಣುತ್ತದೆ. "ಒಂದು ಮಳೆಗಾಲಕ್ಕೆ ನಾಲ್ಕಾದರೂ ಬದಲಾಯಿಸ್ತಿದ್ವಿ, ಮಂಗನ ಕಾಟ" ಎಂದರು ಅಜ್ಜ. ನಾನೂ ನಾಲ್ಕನ್ನು ಕೆಂಪಾಗಿಸಿದೆ.

ಮೂರನೆಯದು ಸುಣ್ಣ. ಗೋಡೆ ಒಂದೇ ಬಣ್ಣದ್ದಾಗಿರುವುದಿಲ್ಲ. ವರ್ಷವರ್ಷವೂ ಬಳಿದ ಪದರಗಳು ಮೂಲೆಗಳಲ್ಲಿ ಚಕ್ಕೆಯೇಳುತ್ತವೆ, ಕೆಳಗಿನ ಹಳೆಯ ಬಣ್ಣ ಇಣುಕುತ್ತದೆ. ಇದನ್ನು ತೋರಿಸಲು ಮೊದಲು ಹಳೆಯ ಬಣ್ಣವನ್ನು ಬಳಿದು ಒಣಗಿಸಿ, ಸೈಕಲ್ ಪಂಕ್ಚರಿಗೆ ಹಾಕುವ ಸೊಲ್ಯೂಷನ್ನನ್ನು ಅಲ್ಲಲ್ಲಿ ಚುಕ್ಕೆಯಿಟ್ಟು, ಅದರ ಮೇಲೆ ಬಿಳುಪು ಬಳಿಯಬೇಕು. ಒಣಗಿದ ಮೇಲೆ ಬೆರಳಿನಿಂದ ಉಜ್ಜಿದರೆ ಸೊಲ್ಯೂಷನ್ನು ಉಂಡೆಯಾಗಿ ಎದ್ದುಬಂದು, ಆ ಜಾಗದಲ್ಲಿ ಹಳೆಯ ಬಣ್ಣ ತೋರುತ್ತದೆ.

ನಾಲ್ಕನೆಯದು ಕಬ್ಬಿಣ. ತುಕ್ಕು ಮೊಳೆಯಿಂದ, ಸರಳಿನ ಬುಡದಿಂದ ಹುಟ್ಟಿ, ನೀರು ಹರಿಯುವ ದಾರಿಯಲ್ಲಿ ನೇರ ಕೆಳಕ್ಕೆ ಇಳಿಯುತ್ತದೆ. ಸರಳಿಲ್ಲದ ಕಡೆ ತುಕ್ಕಿನ ಗೆರೆ ಎಳೆದಿದ್ದುದು ನನ್ನ ಎರಡನೆಯ ಸುಳ್ಳು. ಎಷ್ಟು ಕಲೆ ಎಂದು ಯೋಚಿಸುವುದಕ್ಕೆ ಮೊದಲು, ಈ ಕಲೆ ಎಲ್ಲಿಂದ ಹೊರಟಿತು ಎಂದು ಕೇಳಿಕೊಳ್ಳಬೇಕು.

ಇವೆಲ್ಲದರ ಮೇಲೆ, ಸಂದುಗೊಂದುಗಳಿಗೆ ನೆರಳು ಕೊಡಲು ಒಂದು ತೆಳು ಲೇಪವಿದೆ. ಕಪ್ಪು ಶಾಯಿಯ ಕೆಲವೇ ತೊಟ್ಟುಗಳನ್ನು ಸ್ಪಿರಿಟ್ಟಿನಲ್ಲಿ ಬೆರೆಸಿ ಕುಂಚದಿಂದ ಹರಿಯಬಿಟ್ಟರೆ ಅದು ಗೀರುಗಳಲ್ಲಿ ನಿಂತು ಒಣಗುತ್ತದೆ. ನೀರಿನಲ್ಲಿ ಬೆರೆಸಿದರೆ ರಟ್ಟು ಉಬ್ಬುತ್ತದೆ. ಸ್ಪಿರಿಟ್ಟು ಬೇಗ ಆರುವುದರಿಂದ ಆ ಭಯ ಕಡಮೆ. ಆದರೆ ಸ್ಪಿರಿಟ್ಟು ಅರಗನ್ನು ಕರಗಿಸುತ್ತದೆಯಾದ್ದರಿಂದ, ಅರಗು ಬಳಿದ ಒಳಮೈಗೆ ಇದು ತಾಗಬಾರದು. ಇನ್ನೊಂದು ಮಾತು: ನಿಜವಾದ ಕಟ್ಟಡವನ್ನು ನಾವು ದೂರದಿಂದ, ನಡುವೆ ಗಾಳಿ ಬೆಳಕುಗಳಿರುವಾಗ ನೋಡುತ್ತೇವೆ. ಆದುದರಿಂದ ಮಾದರಿಯ ಬಣ್ಣಗಳು ನಿಜಕ್ಕಿಂತ ತುಸು ಮಾಸಲಾಗಿರಬೇಕು. ಅಚ್ಚಗಪ್ಪು, ಅಚ್ಚಬಿಳುಪುಗಳನ್ನು ಬಳಸಲೇಬಾರದು.

ಐದನೆಯದು ಮನುಷ್ಯರು. ಇದನ್ನು ಯಾವ ಪುಸ್ತಕವೂ ನನಗೆ ಹೇಳಿಕೊಡುವಂತಿರಲಿಲ್ಲ. ಟಿಕೆಟ್ ಕಿಟಕಿಯ ಕೆಳಗಿನ ಹಲಗೆ ಜನರ ಮೊಣಕೈ ತಾಗಿ ತಾಗಿ ನುಣುಪಾಗಿತ್ತು. ಬೆಂಚಿನ ಹಿಂದಿನ ಗೋಡೆಯಲ್ಲಿ, ಕುಳಿತವರ ತಲೆಯ ಎತ್ತರಕ್ಕೆ, ಎಣ್ಣೆಯ ಮಬ್ಬಾದ ಪಟ್ಟೆಯಿತ್ತು. ಪೂರ್ವದ ಮೂಲೆಯಲ್ಲಿ ಎಲೆಯಡಿಕೆಯ ಕೆಂಪಿತ್ತು. ಗಂಟೆಯಾಗಿ ತೂಗುಹಾಕಿದ್ದ ಹಳಿಯ ತುಂಡು, ಬಡಿಯುವ ಜಾಗದಲ್ಲಿ ಮಾತ್ರ ತುಕ್ಕಿಲ್ಲದೆ ಹೊಳೆಯುತ್ತಿತ್ತು. ಇವನ್ನೆಲ್ಲ ಬರೆದುಕೊಂಡು ಮುಗಿಸಿದೆನೆಂದು ಭಾವಿಸಿ ಪುಸ್ತಕ ಮುಚ್ಚಿದೆ. ಆಗ ಅಜ್ಜ, "ದೀಪದ ಕೋಣೆ ಬಾಗಿಲು ಬರಕೊಂಡ್ಯಾ?" ಎಂದರು.

"ಹಸುರು ಬಾಗಿಲು ತಾನೇ ಅಜ್ಜಾ, ಬರೆದಿದ್ದೇನೆ."

"ಬಾಗಿಲಲ್ಲ, ಅದರ ಎಡಗಡೆ ಗೋಡೆ. ದೀಪಕ್ಕೆ ಎಣ್ಣೆ ತುಂಬಿ ಹೊರಗೆ ಬರೋವಾಗ ಕೈ ಅಲ್ಲೇ ಒರೆಸ್ತಿದ್ದೆ. ಸ್ಟೇಷನ್ ಮಾಸ್ತರರು ಬೈತಿದ್ರು. ಪ್ರತಿ ಸಲ ಸುಣ್ಣ ಹೊಡೆದ್ರೂ ಒಂದು ತಿಂಗಳಿಗೆ ಮತ್ತೆ ಬರೋದು."

ಅದನ್ನೂ ಬರೆದುಕೊಂಡೆ.

ಎರಡನೆಯ ಸಲ

ಗೋಡೆಗಳನ್ನು ಹೊಸದಾಗಿ ಕತ್ತರಿಸಿ, ಮಾಡನ್ನು ಮಾತ್ರ ಹಳೆಯದನ್ನೇ ತೊಳೆದು ಸರಿಪಡಿಸಿ, ಮತ್ತೆ ಎರಡು ತಿಂಗಳು ಕೆಲಸ ಮಾಡಿದೆ. ಈ ಸಲ ಹಚ್ಚಿದ ಬಣ್ಣ ಮೊದಲಿನದರ ಕಾಲುಭಾಗವೂ ಇರಲಾರದು. ಮಸಿ ಎಲ್ಲಿಯೂ ಇಲ್ಲ; ದೀಪ ತೂಗುತ್ತಿದ್ದ ಕೊಕ್ಕೆಯ ಮೇಲೆ ಒಂದು ಸಣ್ಣ ಕಪ್ಪು ನಾಲಗೆ ಮಾತ್ರ ಇದೆ. ದೀಪದ ಕೋಣೆಯ ಎಡಗಡೆ, ನೆಲದಿಂದ 12 ಮಿ.ಮೀ. ಎತ್ತರದಲ್ಲಿ, ಎಳ್ಳುಕಾಳಿನಷ್ಟು ಒಂದು ಕಲೆಯಿದೆ. ಅದನ್ನಿಡಲು ನಾನು ಕುಂಚ ಬಳಸಲಿಲ್ಲ; ಬೆಂಕಿಕಡ್ಡಿಯ ತುದಿಯನ್ನು ಎಣ್ಣೆಮಸಿಗೆ ತಾಗಿಸಿ ಒತ್ತಿದೆ.

ಅಜ್ಜನಿಗೆ ಅಷ್ಟು ಸಣ್ಣದು ಕಾಣಲಿಲ್ಲ. ನನ್ನ ಕೈಯನ್ನೇ ಹಿಡಿದು "ಎಲ್ಲಿದೆ ತೋರಿಸು" ಎಂದರು. ಅವರ ಬೆರಳನ್ನು ಹಿಡಿದು ಅಲ್ಲಿಗೆ ಮುಟ್ಟಿಸಿದೆ. ಬೆರಳ ತುದಿ ಇಡೀ ಬಾಗಿಲನ್ನೇ ಮುಚ್ಚಿಬಿಟ್ಟಿತು. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದು, "ಸರಿಯಾಗಿದೆ. ಆದರೆ ಮಾವಿನ ಮರ ಎಲ್ಲೋ?" ಎಂದು ಕೇಳಿದರು. ಈ ವರ್ಷ ಅದನ್ನು ಮಾಡುತ್ತಿದ್ದೇನೆ, ಎಲೆಗಳಿಗೆ ಮಸಿ ಹತ್ತಿಸಿ.

ಈಗ ನಮ್ಮ ಅಧ್ಯಾಪಕ ಮಹನೀಯರ ಪ್ರಶ್ನೆಗೆ ಬರುತ್ತೇನೆ. ಅಂದವಾಗಿ ಕಟ್ಟಿದ್ದನ್ನು ಕೊಳಕು ಏಕೆ ಮಾಡಬೇಕು? ಗೋಡೆ ಹೇಗಿತ್ತೆಂಬುದನ್ನು ಅಳತೆ ಹೇಳುತ್ತದೆ. ಅದರ ಪಕ್ಕದಲ್ಲಿ ಯಾರು ಕುಳಿತರು, ಯಾರು ದುಡಿದರು, ಯಾವ ಕಡೆಯಿಂದ ಮಳೆ ಬಂತು ಎಂಬುದನ್ನು ಕಲೆಗಳು ಹೇಳುತ್ತವೆ. ಶಾಸನದ ಕಲ್ಲಿನಲ್ಲಿ ಸವೆದ ಅಕ್ಷರವನ್ನು ಓದಲು ಕಲಿಸಿದವರು ತಾವೇ. ರಾಜರ ಹೆಸರುಗಳಿಗೆ ಕಲ್ಲಿದೆ; ಪಾಯಿಂಟ್ಸ್‌ಮನ್ನಿನ ಹೆಸರಿಗೆ ಇದ್ದುದು ಸುಣ್ಣದ ಗೋಡೆಯ ಮೇಲಿನ ಒಂದು ಎಣ್ಣೆಯ ಕಲೆ. ಆ ಗೋಡೆಯೂ ಈಗಿಲ್ಲ. ಆದುದರಿಂದ ಅದನ್ನು ಅಡಿಗೆ ಮೂರೂವರೆ ಮಿ.ಮೀ. ಪ್ರಮಾಣದಲ್ಲಿ ಬರೆದಿಟ್ಟೆ.

ಮಿತ್ರರಲ್ಲಿ ಯಾರಾದರೂ ತಮ್ಮೂರಿನ ಹಳೆಯ ಶಾಲೆಯನ್ನೋ, ಸಂತೆಯ ಕಟ್ಟೆಯನ್ನೋ, ಅಕ್ಕಿ ಗಿರಣಿಯನ್ನೋ ಹೀಗೆ ಕಟ್ಟಲು ಮನಸ್ಸು ಮಾಡುವುದಾದರೆ, ರಟ್ಟನ್ನು ಕೊಳ್ಳುವ ಮೊದಲು ಅಲ್ಲಿ ದುಡಿದ ಒಬ್ಬ ಹಿರಿಯರನ್ನು ಹುಡುಕಿಕೊಳ್ಳಲಿ. ರಟ್ಟು ಎಂದಿಗಾದರೂ ಸಿಕ್ಕೀತು.